ಕನ್ನಡ ವಿಕಿಪೀಡಿಯದಲ್ಲಿ ತಟಸ್ಥ ಬರವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಈಗ ಅಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ, ಆದರೆ ನಿಯಮಿತವಾಗಿ ಬರೆಯುವವರ ಸಂಖ್ಯೆ ಇಂದಿಗೂ ಸಣ್ಣದು. ಇಂಗ್ಲಿಷಿನಲ್ಲಿ ಒಂದು ಮುಖ್ಯ ಲೇಖನವನ್ನು ನೂರಾರು ಜನ ತಿದ್ದುತ್ತಾರೆ, ಒಬ್ಬರ ಒಲವನ್ನು ಮತ್ತೊಬ್ಬರು ಸರಿದೂಗಿಸುತ್ತಾರೆ. ನಮ್ಮಲ್ಲಿ ಎಷ್ಟೋ ಲೇಖನಗಳಿಗೆ ಒಬ್ಬರೇ ಲೇಖಕರು. ಅವರು ಬರೆದದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಮಕ್ಕಳು ಅದನ್ನೇ ನೋಡಿ ಪ್ರಬಂಧ ಬರೆಯುತ್ತಾರೆ. ಹಾಗಾಗಿ ಕನ್ನಡದಲ್ಲಿ ಬರೆಯುವವರ ಹೊಣೆ ಹೆಚ್ಚು. ಹೊಸದಾಗಿ ಸೇರಿದವರೂ ಹಳಬರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ನನಗೆ ನನ್ನದೇ ನಿಲುವುಗಳಿವೆ. ನಾನು ತಟಸ್ಥವಾಗಿ ಬರೆಯಲು ಆಗುತ್ತದೆಯೇ?

ಆಗುತ್ತದೆ. ನಿಲುವೇ ಇಲ್ಲದವರು ಎಲ್ಲೂ ಸಿಗುವುದಿಲ್ಲ, ವಿಕಿಪೀಡಿಯ ಅಂಥವರನ್ನು ಹುಡುಕುತ್ತಲೂ ಇಲ್ಲ. ತಟಸ್ಥ ದೃಷ್ಟಿಕೋನ ಎಂಬ ನಿಯಮ ಅಳೆಯುವುದು ಬರೆದ ವಾಕ್ಯವನ್ನು. ಬರೆದವರ ಮನಸ್ಸನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು, ಆ ಮಾತಿಗೆ ಲೇಖನದಲ್ಲಿ ಎಷ್ಟು ಜಾಗ ಸಲ್ಲಬೇಕು: ಈ ಮೂರಕ್ಕೆ ವಾಕ್ಯದಲ್ಲೇ ಉತ್ತರ ಸಿಕ್ಕರೆ ಕೆಲಸ ಬಹುಪಾಲು ಆದಂತೆ.

ಒಂದು ಅಭ್ಯಾಸ ತುಂಬ ಸಹಾಯ ಮಾಡುತ್ತದೆ. ವಿವಾದದ ವಿಷಯವಾದರೆ ನಿಮಗೆ ಒಪ್ಪಿಗೆಯಿಲ್ಲದ ಪಕ್ಷದ ವಾದವನ್ನು ಮೊದಲು ಬರೆಯಿರಿ. ಅದನ್ನು ಅವರೇ ಓದಿದರೆ ‘ನಾವು ಹೇಳುವುದು ಇದನ್ನೇ’ ಅನ್ನಬೇಕು. ಹಾಗೆ ಬರೆಯಲು ಕೈ ಏಳದಿದ್ದರೆ ಆ ವಿಷಯವನ್ನು ಸದ್ಯಕ್ಕೆ ಬಿಟ್ಟು ಬೇರೊಂದನ್ನು ಎತ್ತಿಕೊಳ್ಳುವುದೇ ಮೇಲು.

ಈ ನಿಯಮ 2001ರಲ್ಲಿ, ವಿಕಿಪೀಡಿಯ ಹುಟ್ಟಿದ ವರ್ಷದಲ್ಲೇ ರೂಪುಗೊಂಡದ್ದು. ಎಲ್ಲ ಭಾಷೆಯ ವಿಕಿಪೀಡಿಯಗಳಿಗೂ ಅನ್ವಯಿಸುತ್ತದೆ. ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಎಲ್ಲರ ಚರ್ಚೆಯ ಪುಟ) ಮತ ಹಾಕಿ ‘ನಮ್ಮ ಭಾಷೆಗೆ ಇದು ಬೇಡ’ ಎಂದು ತೀರ್ಮಾನಿಸಲು ಬರುವುದಿಲ್ಲ.

ತಟಸ್ಥ ಅಂದರೆ ಎರಡೂ ಕಡೆಗೆ ಸಮ ಜಾಗ ಕೊಡುವುದಾ?

ಇಲ್ಲ, ಮತ್ತು ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಜಾಗ ಕೊಡಬೇಕಾದ್ದು ನಂಬಲರ್ಹ ಮೂಲಗಳಲ್ಲಿ ಆ ಅಭಿಪ್ರಾಯಕ್ಕೆ ಎಷ್ಟು ತೂಕವಿದೆಯೋ ಅಷ್ಟು.

ಹಾವು ಕಡಿತದ ಲೇಖನವನ್ನೇ ತೆಗೆದುಕೊಳ್ಳಿ. ವೈದ್ಯಕೀಯ ಮೂಲಗಳೆಲ್ಲ ವಿಷನಿರೋಧಕ ಚುಚ್ಚುಮದ್ದೇ ಚಿಕಿತ್ಸೆ ಎನ್ನುತ್ತವೆ. ಭಾರತದಲ್ಲಿ ಸಿಗುವ ಈ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ. ನಾಟಿ ಔಷಧಿ, ಮಂತ್ರ, ಗಾಯ ಕೊಯ್ದು ರಕ್ತ ಹೀರುವುದು ಇವೆಲ್ಲ ಹಳ್ಳಿಗಳಲ್ಲಿ ಇವೆ ಎಂಬುದೂ ನಿಜ. ಆದರೆ ‘ಕೆಲವರು ಚುಚ್ಚುಮದ್ದು ಎನ್ನುತ್ತಾರೆ, ಕೆಲವರು ನಾಟಿ ಔಷಧಿ ಎನ್ನುತ್ತಾರೆ’ ಎಂದು ತೂಗಿಟ್ಟರೆ ಲೇಖನ ಸುಳ್ಳಾಗುತ್ತದೆ, ಓದಿದವರ ಜೀವಕ್ಕೂ ಕುತ್ತು. ಚಿಕಿತ್ಸೆಯ ವಿಭಾಗದಲ್ಲಿ ಚುಚ್ಚುಮದ್ದು ಬರಲಿ. ನಾಟಿ ಪದ್ಧತಿಗಳು ‘ಜನಪದ ನಂಬಿಕೆಗಳು’ ಎಂಬ ವಿಭಾಗದಲ್ಲಿ ಬರಲಿ, ಅವುಗಳ ಬಗ್ಗೆ ವೈದ್ಯರು ಏನು ಹೇಳುತ್ತಾರೆ ಎಂಬುದೂ ಅಲ್ಲೇ ಜೊತೆಗಿರಲಿ.

ಸದಸ್ಯ ಪುಟದಲ್ಲಿ ನನ್ನ ಆಸಕ್ತಿ, ನಿಲುವು ಎಲ್ಲ ಬರೆಯಬಹುದೇ?

ಆಸಕ್ತಿಗಳನ್ನು ಖಂಡಿತ ಬರೆಯಿರಿ. ‘ಯಕ್ಷಗಾನ, ಶಾಸನ, ಹಕ್ಕಿಗಳ ಬಗ್ಗೆ ಬರೆಯುತ್ತೇನೆ’ ಎಂದಿದ್ದರೆ ಬೇರೆಯವರು ನಿಮ್ಮನ್ನು ಹುಡುಕಿಕೊಂಡು ಬರಲು ಅನುಕೂಲ. ಯಾವ ಭಾಷೆ ಎಷ್ಟು ಬರುತ್ತದೆ ಎನ್ನಲು ಬಾಬೆಲ್ ಪೆಟ್ಟಿಗೆ ಹಾಕಿ: ತಾಯ್ನುಡಿಗೆ ಅಂಕಿ ಬೇಡ, ಉಳಿದವಕ್ಕೆ 1ರಿಂದ 5ರವರೆಗೆ ಮಟ್ಟ ಸೂಚಿಸಬಹುದು. ನಿಮ್ಮ ಮನೆಯಲ್ಲಿ ಜಿಲ್ಲಾ ಗೆಜೆಟಿಯರ್ ಇದೆ, ಹಳೆಯ ಶಾಸನ ಸಂಪುಟಗಳಿವೆ ಎಂದಾದರೆ ಅದನ್ನೂ ಬರೆಯಿರಿ. ಉಲ್ಲೇಖದ ಪುಟಸಂಖ್ಯೆ ನೋಡಿ ಹೇಳುವವರಿಗಾಗಿ ಹುಡುಕುತ್ತಿರುವವರು ಸದಾ ಇರುತ್ತಾರೆ.

ರಾಜಕೀಯ, ಧಾರ್ಮಿಕ ನಿಲುವಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮೊದಲೇ ಹೇಳಿಕೊಂಡರೆ ಪಾರದರ್ಶಕ ಎಂದು ಒಂದು, ಹೇಳಿಕೊಂಡರೆ ಸಂಪಾದಕರು ಗುಂಪುಗಳಾಗಿ ಒಡೆಯುತ್ತಾರೆ ಎಂದು ಇನ್ನೊಂದು. 2005–06ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸದಸ್ಯ ಪೆಟ್ಟಿಗೆಗಳ (ಆಸಕ್ತಿ, ನಿಲುವು ತಿಳಿಸಲು ಸದಸ್ಯ ಪುಟದಲ್ಲಿ ಹಾಕುವ ಸಣ್ಣ ಚೌಕಗಳು) ವಿಷಯಕ್ಕೇ ದೊಡ್ಡ ಜಗಳವಾಗಿತ್ತು. ನಮ್ಮ ಸಲಹೆ ಇಷ್ಟೇ: ನೀವು ತಿದ್ದುವ ಲೇಖನಗಳಿಗೆ ನೇರ ಸಂಬಂಧವಿರುವ ಸಂಗತಿಯನ್ನು ಹೇಳಿಕೊಳ್ಳಿ. ‘ಇಂಥ ಸಂಘದ ಸದಸ್ಯ, ಆ ಸಂಘದ ಲೇಖನವನ್ನು ನೇರವಾಗಿ ತಿದ್ದುವುದಿಲ್ಲ’ ಎಂಬ ಒಂದು ಸಾಲು ಎಷ್ಟೋ ಅನುಮಾನಗಳನ್ನು ತಡೆಯುತ್ತದೆ. ಘೋಷಣೆ, ಯಾರನ್ನಾದರೂ ಹೀಯಾಳಿಸುವ ಪೆಟ್ಟಿಗೆ, ಫೋನ್ ನಂಬರ್, ಮನೆ ವಿಳಾಸ ಬೇಡ. ಆ ಪುಟದ ಹಳೆಯ ಆವೃತ್ತಿಗಳೂ ಇತಿಹಾಸದಲ್ಲಿ ಉಳಿಯುತ್ತವೆ ಎಂಬುದು ನೆನಪಿರಲಿ.

ನನಗಿಷ್ಟವಾದ ವಿಷಯಗಳ ಮೇಲಷ್ಟೇ ಬರೆದರೆ ಪಕ್ಷಪಾತವೇ?

ಒಬ್ಬರ ಮಟ್ಟಿಗೆ ಅಲ್ಲ. ಸ್ವಯಂಸೇವಕರು ಇಷ್ಟವಿರುವುದನ್ನೇ ಬರೆಯುತ್ತಾರೆ, ಬರೆಯಬೇಕು. ತೊಂದರೆ ಶುರುವಾಗುವುದು ನಿಮಗೆ ಗೊತ್ತಿರುವ ಭಾಗವೇ ಇಡೀ ವಿಷಯವೆಂಬಂತೆ ಬರೆದಾಗ. ಬಡಗುತಿಟ್ಟು ನೋಡಿ ಬೆಳೆದವರು ‘ಯಕ್ಷಗಾನದ ವೇಷಭೂಷಣ’ ಎಂಬ ವಿಭಾಗದಲ್ಲಿ ಬಡಗಿನ ಕೇದಗೆ ಮುಂದಲೆಯನ್ನಷ್ಟೇ ವಿವರಿಸಿ ಮುಗಿಸುತ್ತಾರೆ; ತೆಂಕಿನವರು ಅದನ್ನು ಓದಿದರೆ ತಮ್ಮ ಕಲೆಯೇ ಇಲ್ಲ. ‘ಕರ್ನಾಟಕದ ಅಡುಗೆ’ ಎಂದು ಬಿಸಿಬೇಳೆ ಬಾತ್, ಹೋಳಿಗೆ ಬರೆದು ನಿಲ್ಲಿಸಿದರೆ ಜೋಳದ ರೊಟ್ಟಿ ತಟ್ಟುವವರು, ಮುದ್ದೆ–ಸೊಪ್ಪಿನ ಸಾರು ಉಣ್ಣುವವರು, ಕರಾವಳಿಯ ಮೀನು ಪದಾರ್ಥ, ಕೊಡಗಿನ ಪಂದಿಕರಿ ಎಲ್ಲ ಹೊರಗುಳಿದವು. ‘ಕನ್ನಡಿಗರ ಮದುವೆ’ ಎಂಬ ಶೀರ್ಷಿಕೆಯಡಿ ಒಂದೇ ಜಾತಿಯ ಶಾಸ್ತ್ರಗಳನ್ನು ಬರೆಯುವುದೂ ಇಂಥದ್ದೇ ತಪ್ಪು.

ಇದಕ್ಕೆ ಪರಿಹಾರ ಸುಲಭ. ಒಂದೋ ಶೀರ್ಷಿಕೆಯನ್ನು ಕಿರಿದು ಮಾಡಿ: ‘ಬಡಗುತಿಟ್ಟಿನ ವೇಷಭೂಷಣ’. ಇಲ್ಲವೇ ಉಳಿದ ಭಾಗಗಳಿಗೆ ಉಪಶೀರ್ಷಿಕೆ ಹಾಕಿ, ತಲಾ ಎರಡು ಸಾಲನ್ನಾದರೂ ಉಲ್ಲೇಖದೊಂದಿಗೆ ಬರೆದು, ಚರ್ಚೆಪುಟದಲ್ಲಿ ‘ತೆಂಕಿನ ವಿವರ ಬೇಕು’ ಎಂದು ಬಿಡಿ.

‘ಖ್ಯಾತ’, ‘ಅಪ್ರತಿಮ’ ಎಂಬ ಪದಗಳಲ್ಲಿ ತಪ್ಪೇನು? ಅವರು ನಿಜಕ್ಕೂ ದೊಡ್ಡವರು.

ದೊಡ್ಡವರಾಗಿದ್ದರೆ ಅವರು ಮಾಡಿದ ಕೆಲಸವೇ ಅದನ್ನು ಹೇಳುತ್ತದೆ. ‘ಮೇರು ನಟ, ಕನ್ನಡಿಗರ ಕಣ್ಮಣಿ ಡಾ. ರಾಜ್‌ಕುಮಾರ್’ ಎನ್ನುವುದಕ್ಕಿಂತ ‘1992ರಲ್ಲಿ ಕುವೆಂಪು ಅವರ ಜೊತೆ ಮೊದಲ ಕರ್ನಾಟಕ ರತ್ನ ಪ್ರಶಸ್ತಿ ಪಡೆದರು, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು’ ಎಂಬ ವಾಕ್ಯ ಗಟ್ಟಿ. ಮೊದಲನೆಯದನ್ನು ಯಾರ ಹೆಸರಿನ ಹಿಂದಾದರೂ ಅಂಟಿಸಬಹುದು. ಎರಡನೆಯದು ಅವರೊಬ್ಬರಿಗೇ ಸಲ್ಲುವಂಥದ್ದು.

ಲೇಖನ ಉಳಿಸುವ ಮೊದಲು ಈ ಪದಗಳಿವೆಯೇ ಎಂದು ಹುಡುಕಿ: ಖ್ಯಾತ, ಸುಪ್ರಸಿದ್ಧ, ಅಪ್ರತಿಮ, ಅನನ್ಯ, ಧೀಮಂತ, ಮೇರು, ಮನೆಮಾತಾದ, ಸರಳ ಸಜ್ಜನಿಕೆಯ, ಬಹುಮುಖ ಪ್ರತಿಭೆ. ಬೈಗುಳದ ಕಡೆಯಲ್ಲಿ: ಕುಖ್ಯಾತ, ಮತಾಂಧ, ಢೋಂಗಿ, ಸ್ವಯಂಘೋಷಿತ. ಪದ ತೆಗೆದು ಓದಿ ನೋಡಿ. ಮಾಹಿತಿ ಏನೂ ಕಡಿಮೆಯಾಗದಿದ್ದರೆ ಪದ ಹೋಗಲಿ. ‘ನಮ್ಮ ನಾಡು’, ‘ನಮ್ಮ ಹೆಮ್ಮೆಯ’ ಎಂಬಲ್ಲಿ ‘ನಮ್ಮ’ ಕೂಡ ಬೇಡ. ಕನ್ನಡ ಓದುವವರೆಲ್ಲ ಕರ್ನಾಟಕದವರೇ ಆಗಿರಬೇಕಿಲ್ಲ; ಕಾಸರಗೋಡಿನವರೂ ಸೊಲ್ಲಾಪುರದವರೂ ದುಬೈಯಲ್ಲಿರುವವರೂ ಓದುತ್ತಾರೆ.

ಕ್ರಿಯಾಪದಗಳ ಮೇಲೂ ಕಣ್ಣಿರಲಿ. ‘ಹೇಳಿದರು’ ಎಂಬಲ್ಲಿ ‘ಬಯಲು ಮಾಡಿದರು’ ಎಂದರೆ ಅವರು ಹೇಳಿದ್ದು ನಿಜವೆಂದು ನೀವು ಒಪ್ಪಿದಂತೆ, ‘ಹೇಳಿಕೊಂಡರು’ ಎಂದರೆ ಅನುಮಾನಿಸಿದಂತೆ, ‘ಒಪ್ಪಿಕೊಂಡರು’ ಎಂದರೆ ತಪ್ಪು ಹೊರಿಸಿದಂತೆ. ‘ಹೇಳಿದರು’ ಸಪ್ಪೆಯಾಗಿದ್ದರೂ ಅದೇ ಇರಲಿ.

ಗೌರವದ ಬಹುವಚನ ಹಾಕಬೇಕೋ ಬೇಡವೋ?

ಈ ತೊಡಕು ಇಂಗ್ಲಿಷಿನವರಿಗೆ ಇಲ್ಲ, ನಮಗಿದೆ. ಕನ್ನಡದಲ್ಲಿ ಕ್ರಿಯಾಪದದ ತುದಿಯೇ ನಿಲುವನ್ನು ಹೇಳಿಬಿಡುತ್ತದೆ. ಒಂದೇ ಲೇಖನದಲ್ಲಿ ಒಬ್ಬ ರಾಜ ‘ಆಳಿದರು’, ಅವನೊಡನೆ ಯುದ್ಧ ಮಾಡಿದವನು ‘ದಾಳಿ ಮಾಡಿದನು’ ಎಂದಿದ್ದರೆ ಓದುಗರಿಗೆ ಬೇರೆ ಪುರಾವೆ ಬೇಕಿಲ್ಲ.

ಪಾಲಿಸಲು ಸುಲಭವಾದ ಕ್ರಮ ಹೀಗಿದೆ. ಆಧುನಿಕ ಕಾಲದವರಿಗೆ, ಬದುಕಿರಲಿ ತೀರಿಕೊಂಡಿರಲಿ, ಬಹುವಚನ. ಅಪರಾಧದ ಆರೋಪ ಹೊತ್ತವರಿಗೂ ಅದೇ, ಇಷ್ಟವಿಲ್ಲದ ಪಕ್ಷದವರಿಗೂ ಅದೇ. ಹಳೆಯ ಕಾಲದ ಅರಸರು, ಕವಿಗಳು, ಪುರಾಣದ ಪಾತ್ರಗಳಿಗೆ ಕನ್ನಡ ಇತಿಹಾಸ ಗ್ರಂಥಗಳ ರೂಢಿಯಂತೆ ಏಕವಚನ: ಪುಲಕೇಶಿ ಗೆದ್ದನು, ಪಂಪ ಬರೆದನು, ಹರ್ಷ ಸೋತನು. ಯಾವುದನ್ನೇ ಆರಿಸಿದರೂ ಲೇಖನದ ಉದ್ದಕ್ಕೂ ಎಲ್ಲರಿಗೂ ಒಂದೇ ಅಳತೆ. ಎಲ್ಲಿ ಗೆರೆ ಎಳೆಯಬೇಕೆಂಬುದು ಸ್ಪಷ್ಟವಾಗದಿದ್ದರೆ (ಕಿತ್ತೂರು ಚೆನ್ನಮ್ಮ, ಬಸವಣ್ಣ ಇಂಥ ಕಡೆ ಸದಾ ಚರ್ಚೆಯಾಗುತ್ತದೆ) ಚರ್ಚೆಪುಟದಲ್ಲಿ ತೀರ್ಮಾನಿಸಿ, ತೀರ್ಮಾನವನ್ನು ಅಲ್ಲೇ ಬರೆದಿಡಿ.

ಸಾವಿಗೆ ‘ನಿಧನರಾದರು’ ಸಾಕು. ಲಿಂಗೈಕ್ಯ, ಬೃಂದಾವನಸ್ಥ, ಸ್ವರ್ಗಸ್ಥ, ದೈವಾಧೀನ ಎಂಬವು ಆಯಾ ಸಮುದಾಯದ ನಂಬಿಕೆಯ ಮಾತುಗಳು. ‘ಪರಮಪೂಜ್ಯ’, ‘ಶ್ರೀ ಶ್ರೀ’ ಎಂಬವನ್ನು ಹೆಸರಿನ ಭಾಗವೇ ಆಗಿದ್ದಲ್ಲಿ ಒಮ್ಮೆ ಹೇಳಿ, ಆಮೇಲೆ ಬಿಡಿ.

‘ಎನ್ನಲಾಗಿದೆ’, ‘ಎಂಬ ನಂಬಿಕೆಯಿದೆ’ ಎಂದು ಬರೆದರೆ ತಟಸ್ಥವಾಗುತ್ತದೆ ಅಲ್ಲವೇ?

ಬಹಳಷ್ಟು ಸಲ ಆಗುವುದಿಲ್ಲ. ‘ಎನ್ನಲಾಗಿದೆ’ ಅಂದಾಗ ಯಾರು ಅಂದರು ಎಂಬುದೇ ಮರೆಯಾಗುತ್ತದೆ. ಗಾಳಿಮಾತಿಗೂ ಸಂಶೋಧನೆಗೂ ಒಂದೇ ಉಡುಪು ತೊಡಿಸಿದ ಹಾಗೆ. ಲೇಖನದಲ್ಲಿ ಆ ಪದ ಕಂಡಾಗಲೆಲ್ಲ ‘ಯಾರಿಂದ?’ ಎಂದು ಕೇಳಿ. ಉತ್ತರ ಸಿಕ್ಕರೆ ಆ ಹೆಸರನ್ನು ವಾಕ್ಯದ ಮೊದಲಿಗೆ ತನ್ನಿ. ಸಿಗದಿದ್ದರೆ ಉಲ್ಲೇಖ ಬೇಕೆಂಬ ಗುರುತು ಹಾಕಿ, ಕೆಲ ವಾರ ಕಾದು, ಆಮೇಲೆ ತೆಗೆಯಿರಿ. ಬದುಕಿರುವವರ ಬಗ್ಗೆಯಾದರೆ ಕಾಯದೆ ಆಗಲೇ ತೆಗೆಯಿರಿ.

ಸ್ಥಳಪುರಾಣವನ್ನು ಹೇಗೆ ಬರೆಯಬೇಕು?

ಪೂರ್ತಿಯಾಗಿ, ಪ್ರೀತಿಯಿಂದಲೇ ಬರೆಯಿರಿ, ಆದರೆ ಅದರದೇ ವಿಭಾಗದಲ್ಲಿ. ಗೋಕರ್ಣದ ಲೇಖನದಲ್ಲಿ ‘ಗಣಪತಿ ವಟುವಿನ ವೇಷದಲ್ಲಿ ಬಂದು ಆತ್ಮಲಿಂಗವನ್ನು ನೆಲದ ಮೇಲಿಟ್ಟನು’ ಎಂಬ ಕಥೆ ಬೇಕೇ ಬೇಕು. ವಿಭಾಗದ ಮೊದಲ ಸಾಲಿನಲ್ಲಿ ‘ಸ್ಥಳಪುರಾಣದ ಪ್ರಕಾರ’ ಎಂದರೆ ಸಾಕು. ಪ್ರತಿ ವಾಕ್ಯಕ್ಕೂ ‘ಅಂತೆ’ ಸೇರಿಸಿದರೆ ನಂಬುವವರನ್ನು ಅಣಕಿಸಿದಂತಾಗುತ್ತದೆ. ದೇವಾಲಯದ ಕಟ್ಟಡದ ಕಾಲ, ಶಾಸನ, ಶೈಲಿ ಇವು ‘ಇತಿಹಾಸ’ ವಿಭಾಗಕ್ಕೆ. ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ‘ಈ ದೇವಾಲಯ 5,000 ವರ್ಷ ಹಳೆಯದು’ ಎಂಬ ಪುರಾಣದ ಕಾಲ ಲೇಖನದ ಬದಿಯಲ್ಲಿರುವ ಮಾಹಿತಿ ಚೌಕದ ‘ನಿರ್ಮಾಣ’ ಎಂಬ ಕಡೆ ಹೋಗಿ ಕೂರುವುದು. ಚೌಕದಲ್ಲಿ ‘ಪ್ರಕಾರ’ ಎಂದು ಬರೆಯಲು ಜಾಗವಿಲ್ಲ, ಹಾಗಾಗಿ ಖಚಿತವಲ್ಲದ್ದು ಅಲ್ಲಿ ಹೋಗಲೇಬಾರದು.

ವಿದ್ವಾಂಸರಲ್ಲೇ ಒಮ್ಮತವಿಲ್ಲದಿದ್ದರೆ?

ಒಮ್ಮತವಿಲ್ಲ ಎಂಬುದೇ ಬರೆಯಬೇಕಾದ ಸಂಗತಿ. ಹಲ್ಮಿಡಿ ಶಾಸನವನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಕಾಣುವ ವಾಕ್ಯ: ‘ಕ್ರಿ.ಶ. 450ರ ಹಲ್ಮಿಡಿ ಶಾಸನ ಕನ್ನಡದ ಮೊಟ್ಟಮೊದಲ ಶಾಸನ.’ ಈ ಒಂದು ಸಾಲಿನಲ್ಲಿ ಎರಡು ತೀರ್ಪುಗಳಿವೆ, ಎರಡೂ ಯಾರವೆಂದು ಹೇಳಿಲ್ಲ.

ಹದಿನಾರು ಸಾಲಿನ ಆ ಶಾಸನದಲ್ಲಿ ಇಸವಿಯೇ ಇಲ್ಲ. ಲಿಪಿಯ ರೂಪ ಮತ್ತು ಅಲ್ಲಿ ಬರುವ ಕದಂಬ ಅರಸನ ಹೆಸರಿನ ಮೇಲೆ ಕಾಲವನ್ನು ಊಹಿಸಲಾಗಿದೆ. ತಿದ್ದಿದ ರೂಪ ಹೀಗಿರಬಹುದು: ‘ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಈ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. 1936ರಲ್ಲಿ ಇದನ್ನು ಬೆಳಕಿಗೆ ತಂದ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಇದರ ಕಾಲ ಸುಮಾರು ಕ್ರಿ.ಶ. 450 ಎಂದರು. ಕೆಲವು ವಿದ್ವಾಂಸರು ಇದನ್ನು ಇನ್ನಷ್ಟು ಈಚಿನದೆಂದು ಪರಿಗಣಿಸುತ್ತಾರೆ. ಬಹುಕಾಲ ಇದನ್ನೇ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಗುರುತಿಸಲಾಗಿತ್ತು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಉತ್ಖನನದಲ್ಲಿ ಸಿಕ್ಕಿದ ಸಿಂಹಕಟಾಂಜನ ಶಾಸನದ ಕಾಲ ಕ್ರಿ.ಶ. 370 ಎಂದು ಪ್ರಕಟವಾದ ಮೇಲೆ ಈ ಸ್ಥಾನದ ಬಗ್ಗೆ ಚರ್ಚೆ ನಡೆದಿದೆ.’ ‘ಕೆಲವು ವಿದ್ವಾಂಸರು’ ಎಂಬಲ್ಲಿ ನಿಮ್ಮ ಕೈಯಲ್ಲಿರುವ ಗ್ರಂಥದ ಲೇಖಕರ ಹೆಸರು, ಪುಟಸಂಖ್ಯೆ ಬರಬೇಕು. ವಾಕ್ಯ ಉದ್ದವಾಯಿತು, ಆದರೆ ಇನ್ನು ಅದನ್ನು ಯಾರೂ ಸುಳ್ಳೆನ್ನಲಾರರು.

ವಿಜಯನಗರದ ಹರಿಹರ–ಬುಕ್ಕರ ಮೂಲ ಇದಕ್ಕಿಂತ ಬಿಸಿ ವಿಷಯ. ಅವರು ಹೊಯ್ಸಳರ ಅಧೀನದಲ್ಲಿದ್ದ ಕನ್ನಡಿಗರು ಎಂಬ ವಾದವನ್ನು ಹೆರಾಸ್, ಸಾಲೆತೊರೆ, ಪಿ. ಬಿ. ದೇಸಾಯಿ ಮೊದಲಾದವರು ಮಂಡಿಸಿದರು. ವಾರಂಗಲ್ಲಿನ ಕಾಕತೀಯರ ಸೇವೆಯಲ್ಲಿದ್ದು ಬಂದವರು ಎಂಬ ವಾದವನ್ನು ಎನ್. ವೆಂಕಟರಮಣಯ್ಯ ಮೊದಲಾದವರು ಹಿಡಿದರು. ಕನ್ನಡದ ಲೇಖನದಲ್ಲಿ ಮೊದಲನೆಯದು ಮಾತ್ರ, ತೆಲುಗಿನ ಲೇಖನದಲ್ಲಿ ಎರಡನೆಯದು ಮಾತ್ರ ಇದ್ದರೆ ಎರಡೂ ಸೋತ ಹಾಗೆ. ಎರಡನ್ನೂ ವಿದ್ವಾಂಸರ ಹೆಸರಿನೊಂದಿಗೆ, ಅವರು ಒಡ್ಡುವ ಶಾಸನ ಮತ್ತು ಸಾಹಿತ್ಯದ ಆಧಾರಗಳೊಂದಿಗೆ ಬರೆಯಿರಿ. ಲೇಖನದ ಮೊದಲ ಪ್ಯಾರಾದಲ್ಲಿ ‘ಕನ್ನಡಿಗ ಅರಸರು’ ಎಂದೋ ‘ತೆಲುಗು ಅರಸರು’ ಎಂದೋ ಸೇರಿಸುವುದು ಬೇಡ. ತಿದ್ದುಪಡಿಯ ಜಗಳ ಮೊದಲು ಹೊತ್ತಿಕೊಳ್ಳುವುದು ಆ ಒಂದು ಪದಕ್ಕೇ.

ಕಾವೇರಿ, ಬೆಳಗಾವಿ ವಿಷಯದಲ್ಲೂ ತಟಸ್ಥವಾಗಿರಬೇಕೇ? ಇದು ಕನ್ನಡದ ವಿಕಿಪೀಡಿಯ ಅಲ್ಲವೇ?

ಕನ್ನಡ ಭಾಷೆಯ ವಿಕಿಪೀಡಿಯ, ಕರ್ನಾಟಕದ ಪರ ವಕೀಲಿಕೆಯ ವಿಕಿಪೀಡಿಯವಲ್ಲ. ಕಾವೇರಿ ನೀರಿನ ಬಗ್ಗೆ ಮಂಡ್ಯದ ರೈತನ ನೋವನ್ನು ಬಲ್ಲವರಿಗೆ ಇದು ಕಷ್ಟ, ನಮಗೂ ಗೊತ್ತು. ಆದರೂ ಇಂಥ ವಿಷಯದಲ್ಲಿ ನಮ್ಮ ನೆರವಿಗೆ ಬರುವುದು ಅಂಕಿಗಳೇ.

‘ಕರ್ನಾಟಕಕ್ಕೆ ಘೋರ ಅನ್ಯಾಯವಾಯಿತು’ ಎಂಬ ವಾಕ್ಯದ ಜಾಗದಲ್ಲಿ ಇದು ಬರಲಿ: 2007ರ ಫೆಬ್ರುವರಿ 5ರಂದು ನ್ಯಾಯಮಂಡಳಿ ತನ್ನ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ನೀರನ್ನು ಲೆಕ್ಕ ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು, ಉಳಿದ 14ರಲ್ಲಿ 10 ಪರಿಸರಕ್ಕೆ, 4 ಸಮುದ್ರ ಸೇರುವ ನೀರಿಗೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75 ಮಾಡಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿನ ಪಾಲು 404.25ಕ್ಕೆ ಇಳಿಯಿತು. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು.

ಇದಾದ ಮೇಲೆ ಎರಡೂ ರಾಜ್ಯಗಳ ವಾದ ಬರಲಿ: 1892 ಮತ್ತು 1924ರ ಒಪ್ಪಂದಗಳ ಬಗ್ಗೆ ಕರ್ನಾಟಕದ ಆಕ್ಷೇಪ, ಹಿಂದಿನಿಂದ ಬಳಸುತ್ತಾ ಬಂದ ನೀರಿನ ಮೇಲೆ ತಮಿಳುನಾಡಿನ ಹಕ್ಕೊತ್ತಾಯ, ಎರಡೂ ಕಡೆಯ ಪ್ರತಿಭಟನೆಗಳು. ಅನ್ಯಾಯವಾಯಿತೆಂದು ಯಾರಾದರೂ ಹೇಳಿದ್ದರೆ ಅವರ ಹೆಸರು, ದಿನಾಂಕದೊಂದಿಗೆ ಆ ಮಾತೂ ಬರಬಹುದು.

ಬೆಳಗಾವಿಗೂ ಅದೇ ದಾರಿ. ಗಡಿ ವಿವಾದಕ್ಕೆಂದು ಮಹಾಜನ ಆಯೋಗ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು, ಬೆಳಗಾವಿ ನಗರ ಆಗಿನ ಮೈಸೂರು ರಾಜ್ಯದಲ್ಲೇ ಉಳಿಯಬೇಕೆಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಇಂಗ್ಲಿಷಿನಲ್ಲೂ ಬೆಳಗಾವಿ. ಮರಾಠಿ ಮಾತಾಡುವವರು ಬಳಸುವ ‘ಬೆಳಗಾಂವ’ ಎಂಬ ರೂಪವನ್ನೂ ಹೆಸರಿನ ವಿಭಾಗದಲ್ಲಿ ಹೇಳುವುದರಿಂದ ಕನ್ನಡಕ್ಕೆ ಏನೂ ಕುಂದಿಲ್ಲ.

ಟಿಪ್ಪು ಸುಲ್ತಾನನ ಲೇಖನವನ್ನು ಯಾರೂ ಮುಟ್ಟಬಾರದೇ?

ಮುಟ್ಟಬಹುದು, ನಿಧಾನವಾಗಿ. ಆ ಲೇಖನ ಕೆಡುವುದು ಯಾವಾಗಲೂ ಒಂದೇ ರೀತಿ: ಒಬ್ಬರು 1791ರಲ್ಲಿ ಮರಾಠಾ ಪಡೆಯ ದಾಳಿಗೆ ಸಿಕ್ಕಿದ ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಪತ್ರಗಳನ್ನು ಸೇರಿಸಿ ಕೊಡಗಿನವರ ಮತ್ತು ಮಂಗಳೂರಿನ ಕ್ರೈಸ್ತರ ಸೆರೆಯ ಭಾಗವನ್ನು ಅಳಿಸುತ್ತಾರೆ, ಇನ್ನೊಬ್ಬರು ಬಂದು ಅದರ ತದ್ವಿರುದ್ಧ ಮಾಡುತ್ತಾರೆ. ಎರಡೂ ದಾಖಲೆಯಲ್ಲಿವೆ, ಎರಡೂ ಇರಬೇಕು. ಸೆರೆಯಾದವರ, ಸತ್ತವರ ಸಂಖ್ಯೆ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ, ಆದ್ದರಿಂದ ಬರೆಯುವ ಪ್ರತಿ ಸಂಖ್ಯೆಗೂ ಹೇಳಿದವರ ಹೆಸರು ಅಂಟಿಕೊಂಡಿರಲಿ. ಅವರು ಸಮಕಾಲೀನರೋ ನಂತರದವರೋ ಎಂಬುದೂ ಇರಲಿ. ಸರ್ಕಾರಿ ಜಯಂತಿ 2015ರಲ್ಲಿ ಶುರುವಾಗಿ 2019ರಲ್ಲಿ ನಿಂತದ್ದು ನಂತರದ ರಾಜಕೀಯ. 1799ರಲ್ಲಿ ತೀರಿಕೊಂಡವನ ಆಳ್ವಿಕೆಯ ವಿಭಾಗದಲ್ಲಿ ಅದನ್ನು ಬೆರೆಸಬೇಡಿ.

ಯಾವ ಮೂಲಗಳನ್ನು ನಂಬಬಹುದು?

ಕನ್ನಡದಲ್ಲಿ ಪುಸ್ತಕಕ್ಕೆ ಬರವಿಲ್ಲ, ಸ್ವತಂತ್ರ ಮೂಲಕ್ಕೆ ಬರ. ಅಭಿನಂದನ ಗ್ರಂಥ, ಸಂಸ್ಮರಣ ಸಂಚಿಕೆ, ಮಠ ಅಥವಾ ಜಾತಿ ಸಂಘದ ಪತ್ರಿಕೆ, ಆಮಂತ್ರಣ ಪತ್ರಿಕೆ, ದೇವಸ್ಥಾನದ ಕಿರುಹೊತ್ತಗೆ: ಇವುಗಳಿಂದ ಹುಟ್ಟಿದ ದಿನ, ಊರು, ಕೃತಿಗಳ ಪಟ್ಟಿ ತೆಗೆದುಕೊಳ್ಳಬಹುದು, ಮೌಲ್ಯಮಾಪನ ತೆಗೆದುಕೊಳ್ಳಬಾರದು. ಅಭಿನಂದನ ಗ್ರಂಥದಲ್ಲಿ ಟೀಕೆ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಪತ್ರಿಕೆಗಳಲ್ಲಿ ಜಾಹೀರಾತು ಪುರವಣಿಯನ್ನು ಬಿಡಿ. ಒಂದೇ ಸುದ್ದಿಸಂಸ್ಥೆಯ ವರದಿ ಐದು ಪತ್ರಿಕೆಯಲ್ಲಿ ಬಂದಿದ್ದರೆ ಅದು ಒಂದೇ ಮೂಲ. ಮೊದಲ ಪ್ಯಾರಾ ಹೋಲಿಸಿದರೆ ಗೊತ್ತಾಗುತ್ತದೆ. ಇತಿಹಾಸಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು, ಜಿಲ್ಲಾ ಗೆಜೆಟಿಯರ್, ವಿಶ್ವವಿದ್ಯಾಲಯಗಳ ಪ್ರಕಟಣೆಗಳಿಂದ ಶುರುಮಾಡಿ. ಸಿನಿಮಾ ಗಳಿಕೆಯ ಅಂಕಿ ಬಹುತೇಕ ನಿರ್ಮಾಪಕರಿಂದ ಬಂದದ್ದು, ಹಾಗೆಂದೇ ಬರೆಯಿರಿ.

ಬದುಕಿರುವವರ ಬಗ್ಗೆ ಬರೆಯುವಾಗ ಬೇರೆ ನಿಯಮವಿದೆಯೇ?

ಬಿಗಿ ಹೆಚ್ಚು. ದೂರು, ಎಫ್‌ಐಆರ್, ಬಂಧನ, ದೋಷಾರೋಪ ಪಟ್ಟಿ, ತೀರ್ಪು ಇವು ಐದು ಬೇರೆ ಬೇರೆ ಮೆಟ್ಟಿಲು. ಸುದ್ದಿ ಯಾವ ಮೆಟ್ಟಿಲಲ್ಲಿದೆಯೋ ಅದನ್ನೇ ಬರೆಯಿರಿ. ‘ಆರೋಪಿ’ ಎಂಬಲ್ಲಿ ‘ಅಪರಾಧಿ’ ಎಂದು ಬೆರಳು ಜಾರಿದರೆ ಒಬ್ಬರ ಬದುಕಿಗೆ ಪೆಟ್ಟು. ಪ್ರಕರಣ ವಜಾ ಆಗಿದ್ದರೆ ಅದೂ ಅದೇ ಪ್ಯಾರಾದಲ್ಲಿ, ಅಷ್ಟೇ ಎದ್ದು ಕಾಣುವಂತೆ ಬರಬೇಕು. ಆರೋಪ ಸೇರಿಸಲು ಓಡಿ ಬರುವವರು ಖುಲಾಸೆಯಾದಾಗ ಬರುವುದಿಲ್ಲ, ಹಾಗಾಗಿ ಅಂಥ ಪುಟಗಳನ್ನು ನಿಮ್ಮ ವೀಕ್ಷಣಾಪಟ್ಟಿಗೆ (ಪುಟದಲ್ಲಾದ ಬದಲಾವಣೆಗಳನ್ನು ತೋರಿಸುವ ಪಟ್ಟಿ) ಹಾಕಿಕೊಳ್ಳಿ.

ಜಾತಿ? ಅವರೇ ಹೇಳಿಕೊಂಡಿದ್ದು, ಅವರ ಸಾರ್ವಜನಿಕ ಬದುಕಿಗೆ ಸಂಬಂಧವಿದ್ದರೆ ಮಾತ್ರ. ಅಡ್ಡಹೆಸರು ನೋಡಿ ಊಹಿಸುವುದು ಸಲ್ಲದು.

ನಾನು ಕೆಲಸ ಮಾಡುವ ಸಂಸ್ಥೆ, ನನ್ನ ಗುರುಗಳು, ನನ್ನ ಪುಸ್ತಕದ ಬಗ್ಗೆ ಬರೆಯಬಹುದೇ?

ಲೇಖನದಲ್ಲಿ ನೇರವಾಗಿ ಬೇಡ. ಚರ್ಚೆಪುಟದಲ್ಲಿ ನಿಮ್ಮ ಸಂಬಂಧ ಹೇಳಿ, ಬೇಕಾದ ತಿದ್ದುಪಡಿಯನ್ನು ಉಲ್ಲೇಖದೊಂದಿಗೆ ಬರೆದಿಡಿ, ಬೇರೊಬ್ಬರು ನೋಡಿ ಸೇರಿಸುತ್ತಾರೆ. ಇಸವಿ, ಅಕ್ಷರದ ತಪ್ಪು ತಿದ್ದಲು ಅಡ್ಡಿಯಿಲ್ಲ. ಹಣ ಪಡೆದು ಬರೆಯುವುದಾದರೆ ಯಾರಿಂದ, ಯಾರಿಗಾಗಿ ಎಂಬುದನ್ನು ಸದಸ್ಯ ಪುಟದಲ್ಲಿ, ಚರ್ಚೆಪುಟದಲ್ಲಿ ಅಥವಾ ಸಂಪಾದನೆಯ ಸಾರಾಂಶದಲ್ಲಿ (ಉಳಿಸುವಾಗ ಬದಲಾವಣೆಯನ್ನು ವಿವರಿಸಿ ಬರೆಯುವ ಸಾಲು) ಹೇಳಲೇಬೇಕು. 2014ರಿಂದ ಇದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದ ಬಳಕೆಯ ಷರತ್ತು. ಸಂಬಳದ ಕೆಲಸದ ಭಾಗವಾಗಿ ಬರೆದರೂ ಅದು ಹಣ ಪಡೆದಂತೆಯೇ.

ಇಂಗ್ಲಿಷ್ ಲೇಖನವನ್ನು ಅನುವಾದಿಸಿದರೆ ತಟಸ್ಥತೆ ತಾನಾಗಿ ಬರುತ್ತದೆಯೇ?

ಬರುವುದಿಲ್ಲ. ಇಂಗ್ಲಿಷ್ ಲೇಖನಕ್ಕೂ ಅದರದೇ ಓದುಗರಿದ್ದಾರೆ, ಅದರದೇ ಅನುಪಾತವಿದೆ. ‘ಹತ್ತಿ’ ಎಂಬ ಲೇಖನ ಅಮೆರಿಕದ ಬೆಳೆಯ ಇತಿಹಾಸವನ್ನು ನಾಲ್ಕು ಪ್ಯಾರಾ ಹೇಳಿ ಧಾರವಾಡ, ಹಾವೇರಿಯ ಕಪ್ಪು ಮಣ್ಣಿನ ಬೆಳೆಯ ಬಗ್ಗೆ ಸುಮ್ಮನಿದ್ದರೆ, ಅನುವಾದಿಸಿದ ಮೇಲೂ ಅದು ಸುಮ್ಮನೇ ಇರುತ್ತದೆ. ಅನುವಾದಕ್ಕೆ ಮೊದಲು ಪ್ರತಿ ಉಲ್ಲೇಖ ತೆರೆದು, ವಾಕ್ಯ ಹೇಳುವುದು ಅಲ್ಲಿದೆಯೇ ನೋಡಿ. ಕನ್ನಡದ ಕನಿಷ್ಠ ಒಂದೆರಡು ಮೂಲ ಸೇರಿಸಿ. ಮೂಲ ಲೇಖನದ ಕೊಂಡಿಯನ್ನು ಸಂಪಾದನೆಯ ಸಾರಾಂಶದಲ್ಲಿ ಕೊಡುವುದು ಪರವಾನಗಿಯ ಷರತ್ತು, ಮರೆಯಬೇಡಿ.

ಎಐ ಬರೆದುಕೊಟ್ಟ ಕರಡನ್ನು ಹಾಕಬಹುದೇ?

ನೀವು ಓದದ ಪುಸ್ತಕವನ್ನು ಉಲ್ಲೇಖಿಸಬೇಡಿ ಎಂಬ ಹಳೆಯ ನಿಯಮವೇ ಇಲ್ಲೂ ಸಾಕು. ಇಂಥ ಕರಡುಗಳಲ್ಲಿ ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆ ಬರುತ್ತವೆ, ಮತ್ತು ಮೇಲೆ ಪಟ್ಟಿ ಮಾಡಿದ ಹೊಗಳಿಕೆಯ ಪದಗಳು ಧಾರಾಳವಾಗಿ ಇರುತ್ತವೆ. ಪ್ರತಿ ಸಾಲಿನ ಮೂಲವನ್ನು ನೀವೇ ಕಣ್ಣಾರೆ ನೋಡದಿದ್ದರೆ ಉಳಿಸುವ ಗುಂಡಿ ಒತ್ತಬೇಡಿ.

ನಾನು ಬರೆದದ್ದನ್ನು ಬೇರೆಯವರು ಅಳಿಸುತ್ತಿದ್ದಾರೆ. ಏನು ಮಾಡಲಿ?

ಅವರ ಸಂಪಾದನೆಯನ್ನು ಮತ್ತೆ ರದ್ದು ಮಾಡಬೇಡಿ. ಇತಿಹಾಸ ಪುಟಕ್ಕೆ ಹೋಗಿ ಅವರು ಸಾರಾಂಶದಲ್ಲಿ ಕಾರಣ ಕೊಟ್ಟಿದ್ದಾರೆಯೇ ನೋಡಿ. ಚರ್ಚೆಪುಟದಲ್ಲಿ ಹೊಸ ವಿಷಯ ಶುರುಮಾಡಿ, ವಿವಾದದ ವಾಕ್ಯವನ್ನು ಹಾಗೇ ನಕಲಿಸಿ, ಅದರ ಕೆಳಗೆ ನಿಮ್ಮ ಮೂಲ ಕೊಟ್ಟು, ಕೊನೆಯಲ್ಲಿ ~~~~ ಹಾಕಿ ಸಹಿ ಮಾಡಿ. ಅವರ ಸದಸ್ಯರ ಚರ್ಚೆಪುಟದಲ್ಲಿ ಒಂದು ಸಾಲು ಬರೆದು ಕರೆಯಿರಿ. ವ್ಯಕ್ತಿಯ ಬಗ್ಗೆ ಒಂದು ಮಾತೂ ಬೇಡ, ವಾಕ್ಯದ ಬಗ್ಗೆಯಷ್ಟೇ ಮಾತು. ಒಂದು ವಾರ ಕಾಯಿರಿ. ನಮ್ಮವರು ಉದ್ಯೋಗ, ಮನೆ ನೋಡಿಕೊಂಡು ಬಿಡುವಿನಲ್ಲಿ ಬರುವವರು. ಉತ್ತರ ಬಾರದಿದ್ದರೆ ಅಥವಾ ಒಪ್ಪಂದವಾಗದಿದ್ದರೆ ಅರಳಿ ಕಟ್ಟೆಯಲ್ಲಿ ಚರ್ಚೆಯ ಕೊಂಡಿ ಕೊಟ್ಟು ಮೂರನೆಯವರ ಅಭಿಪ್ರಾಯ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಗೆಳೆಯರನ್ನು ಕರೆತಂದು ‘ಒಪ್ಪಿಗೆ’ ಬರೆಸಿದರೆ ನಿಮ್ಮ ವಾದ ಸರಿಯಾಗಿದ್ದರೂ ಬಿದ್ದುಹೋಗುತ್ತದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದವರನ್ನು ತಡೆಹಿಡಿಯಬಹುದು. ಇಲ್ಲಿ ನೀವು ಒಂದಕ್ಕೇ ನಿಲ್ಲಿಸಿದರೆ ಒಳ್ಳೆಯದು.

ಮೊದಲ ವಾರ ಯಾವ ಕೆಲಸದಿಂದ ಶುರುಮಾಡಲಿ?

ವಿವಾದವಿಲ್ಲದ ಒಂದು ಹಳೆಯ ಜೀವನಚರಿತ್ರೆಯನ್ನು ಆರಿಸಿ, ನಿಮ್ಮ ಪ್ರಯೋಗಪುಟಕ್ಕೆ ನಕಲಿಸಿಕೊಳ್ಳಿ. ವಿಶೇಷಣಗಳನ್ನೆಲ್ಲ ತೆಗೆಯಿರಿ, ‘ಎನ್ನಲಾಗಿದೆ’ಗಳನ್ನು ಗುರುತು ಮಾಡಿ, ಕ್ರಿಯಾಪದಗಳ ವಚನ ಒಂದೇ ಆಗಿದೆಯೇ ನೋಡಿ, ಕನಿಷ್ಠ ಮೂರು ಸಂಗತಿಗಳಿಗೆ ಪುಟಸಂಖ್ಯೆ ಸಹಿತ ಉಲ್ಲೇಖ ಹುಡುಕಿ. ಲೇಖನ ಅರ್ಧಕ್ಕೆ ಇಳಿದರೆ ಗಾಬರಿ ಬೇಡ. ತಿದ್ದಿದ್ದನ್ನು ಒಂದೇ ಏಟಿಗೆ ಹಾಕದೆ ವಿಭಾಗ ವಿಭಾಗವಾಗಿ, ಪ್ರತಿ ಸಲವೂ ‘ವಿಶೇಷಣ ತೆಗೆದೆ, ಉಲ್ಲೇಖ ಸೇರಿಸಿದೆ’ ಎಂಬಂಥ ಸಾರಾಂಶ ಬರೆದು ಉಳಿಸಿ. ಮೊದಲು ಬರೆದವರು ಇನ್ನೂ ಸಕ್ರಿಯರಾಗಿದ್ದರೆ ಅವರ ಚರ್ಚೆಪುಟದಲ್ಲಿ ಮುಂಚೆಯೇ ತಿಳಿಸಿ. ಅವರ ಬಳಿ ಆ ಉಲ್ಲೇಖದ ಪುಸ್ತಕವೇ ಇರಬಹುದು.